ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರ ಮರುವರ್ಷವೇ ಬರಬಹುದೇ? ಲೆಕ್ಕ ಹಾಕಿ ತೋರಿಸಿದ ಮಹಾಲನೋಬಿಸ್ ಕಥೆ

ಮಳೆಗಾಲ ಶುರುವಾದರೆ ಸಾಕು, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ತಿರುಗಾಡತೊಡಗುತ್ತದೆ. 2019ರ ಆಗಸ್ಟ್‌ನಲ್ಲಿ ಬಂದದ್ದು ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರವಂತೆ. ಅದು ಬಂದು ಹೋಯಿತು, ಇನ್ನು ನಮ್ಮ ಕಾಲಕ್ಕೆ ಅಂಥದ್ದು ಬರುವುದಿಲ್ಲವಂತೆ, ಹೊಳೆದಂಡೆಯವರು ಹೆದರಿ ಮನೆ ಬಿಡುವ ಅಗತ್ಯವಿಲ್ಲವಂತೆ. ಭೋಜ ಗ್ರಾಮದ ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, ನಿಜವೇ ಎಂದು ಕೇಳಿದ್ದರು.

ಭೋಜದ ಹತ್ತಿರ ವೇದಗಂಗಾ, ದೂಧಗಂಗಾ ನದಿಗಳು ಕೂಡುತ್ತವೆ. ಘಟ್ಟದ ಮೇಲೆ ಜೋರು ಮಳೆಯಾದರೆ ಕಾರದಗಾ–ಭೋಜ ಸೇತುವೆ ಮುಳುಗಿದ ಸುದ್ದಿ ಬಂದೇ ಬರುತ್ತದೆ. 2019 ಆದ ಎರಡೇ ವರ್ಷಕ್ಕೆ, 2021ರ ಜುಲೈನಲ್ಲಿ ಮತ್ತೆ ಮಹಾಪೂರ ಬಂತು. ಹಿಂದೆ 2005ರಲ್ಲೂ ಬಂದಿತ್ತು. ಫಾರ್ವರ್ಡ್ ತಪ್ಪು ಎಂದು ಹೇಳಲು ಇಷ್ಟೇ ಸಾಕು. ಆದರೆ ಯಾಕೆ ತಪ್ಪು, ನೂರು ವರ್ಷಕ್ಕೊಮ್ಮೆ ಎಂಬ ಮಾತಿಗೆ ನಿಜವಾದ ಅರ್ಥವೇನು ಎಂದು ತಿಳಿಯಬೇಕಾದರೆ ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರ ಬದುಕನ್ನು ನೋಡಬೇಕು. ನೆರೆ, ಬೆಳೆ, ಬರ, ಜನರ ಖರ್ಚು ಎಲ್ಲವನ್ನೂ ಲೆಕ್ಕದ ಕಣ್ಣಿನಿಂದ ನೋಡಲು ಈ ದೇಶಕ್ಕೆ ಕಲಿಸಿದವರಲ್ಲಿ ಅವರು ಮುಂಚೂಣಿಯವರು.

ತಪ್ಪಿದ ರೈಲು, ಹಡಗಿನಲ್ಲಿ ಓದಿದ ಪುಸ್ತಕ

ಅವರು ಹುಟ್ಟಿದ್ದು 1893ರ ಜೂನ್ 29ರಂದು, ಕೋಲ್ಕತ್ತಾದ ಬ್ರಾಹ್ಮ ಸಮಾಜದ ಕುಟುಂಬದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರೇ ಅವರ ಗುರುಗಳು. 1913ರಲ್ಲಿ ಇಂಗ್ಲೆಂಡಿಗೆ ಹೋದಾಗ ಲಂಡನ್ನಿನಲ್ಲಿ ಓದುವ ಯೋಚನೆಯಿತ್ತು. ಕೇಂಬ್ರಿಜ್ ಊರು ನೋಡಿಬರಲು ಹೋದವರಿಗೆ ವಾಪಸಿನ ಕೊನೆಯ ರೈಲು ತಪ್ಪಿತು. ಆ ರಾತ್ರಿ ಗೆಳೆಯರೊಬ್ಬರ ಜೊತೆ ಉಳಿದರು, ಕಿಂಗ್ಸ್ ಕಾಲೇಜಿನ ಚರ್ಚು ನೋಡಿ ಮರುಳಾದರು, ಮರುದಿನ ಅಲ್ಲೇ ಸೇರಿಕೊಂಡರು. ಆಕಸ್ಮಿಕವನ್ನು ಅಳೆಯುವ ಶಾಸ್ತ್ರಕ್ಕೆ ಮುಂದೆ ಬದುಕನ್ನೇ ಕೊಟ್ಟವರ ಕಥೆ ಆಕಸ್ಮಿಕದಿಂದಲೇ ಶುರುವಾಗುವುದು ನಮಗಂತೂ ಇಷ್ಟ.

ಕೇಂಬ್ರಿಜ್‌ನಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಸ್ನೇಹವಾಯಿತು. ಒಂದು ದಿನ ರಾಮಾನುಜನ್ ಒಲೆಯ ಮುಂದೆ ತರಕಾರಿ ಕಲಕುತ್ತಿದ್ದರು. ಮಹಾಲನೋಬಿಸ್ ಪತ್ರಿಕೆಯಲ್ಲಿ ಬಂದ ಮನೆ ನಂಬರಿನ ಒಗಟೊಂದನ್ನು ಓದಿ ಹೇಳಿದರು. ಅದರ ಒಂದು ಉತ್ತರವನ್ನು ಕಂಡುಹಿಡಿಯಲು ಇವರಿಗೆ ಕೆಲವು ನಿಮಿಷ ಹಿಡಿದಿತ್ತು. ರಾಮಾನುಜನ್ ಸೌಟು ಕೆಳಗಿಡದೆ ಆ ಬಗೆಯ ಎಲ್ಲ ಉತ್ತರಗಳನ್ನೂ ಒಂದೇ ಸೂತ್ರದಲ್ಲಿ ಹೇಳಿಬಿಟ್ಟರು. ಈ ಪ್ರಸಂಗ ಫಾರ್ವರ್ಡ್‌ಗಳಲ್ಲೂ ಬರುತ್ತದೆ, ಮತ್ತು ಅಪರೂಪಕ್ಕೆ ಅದು ನಿಜ.

1915ರಲ್ಲಿ ಊರಿಗೆ ಹೊರಟಾಗ ಮೊದಲ ಮಹಾಯುದ್ಧದ ಕಾಲ, ಹಡಗು ತಡವಾಯಿತು. ಆ ಹೊತ್ತಿಗೆ ಅವರ ಅಧ್ಯಾಪಕರೊಬ್ಬರು ಬಯೋಮೆಟ್ರಿಕಾ ಎಂಬ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಮಹಾಲನೋಬಿಸ್ ಇಡೀ ಸೆಟ್ ಕೊಂಡು ಹಡಗಿನಲ್ಲಿ ಓದುತ್ತಾ ಬಂದರು. ಭೌತಶಾಸ್ತ್ರದ ಮೇಷ್ಟ್ರಾಗಿ ಪ್ರೆಸಿಡೆನ್ಸಿ ಕಾಲೇಜು ಸೇರಿದರೂ ಮನಸ್ಸು ಹೊಸ ವಿದ್ಯೆಯ ಕಡೆ ತಿರುಗಿತ್ತು.

ಹೊಳೆಯ ಮಟ್ಟವೂ ಒಂದು ರ‍್ಯಾಂಡಮ್ ವೇರಿಯಬಲ್

ಪಿಯುಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರು ರ‍್ಯಾಂಡಮ್ ವೇರಿಯಬಲ್ ಎಂಬ ಹೆಸರು ಕೇಳಿಯೇ ಬೆವರುತ್ತಾರೆ. ಕನ್ನಡದಲ್ಲಿ ಯಾದೃಚ್ಛಿಕ ಚಲಕ ಎಂದರೆ ಇನ್ನೂ ಹೆದರಿಕೆ. ವಿಷಯ ಮಾತ್ರ ಸರಳ. ಈ ವರ್ಷ ದೂಧಗಂಗೆ ಅತಿ ಹೆಚ್ಚೆಂದರೆ ಎಷ್ಟು ಅಡಿ ಏರುತ್ತದೆ? ಅದೊಂದು ಸಂಖ್ಯೆ, ಆದರೆ ಮಳೆಗಾಲ ಮುಗಿಯುವವರೆಗೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದರೆ ಏನೂ ಗೊತ್ತಿಲ್ಲ ಎಂದಲ್ಲ. ಸಾಮಾನ್ಯವಾಗಿ ಎಷ್ಟರ ಆಸುಪಾಸು ಇರುತ್ತದೆ, ಎಷ್ಟು ಮೀರುವುದು ಅಪರೂಪ ಎಂಬುದನ್ನು ಹಳೆಯ ದಾಖಲೆಗಳು ಹೇಳುತ್ತವೆ. ಆ ಸಂಖ್ಯೆಯೇ ರ‍್ಯಾಂಡಮ್ ವೇರಿಯಬಲ್. ಯಾವ ಮಟ್ಟಕ್ಕೆ ಎಷ್ಟು ಸಾಧ್ಯತೆ ಎಂಬ ಹಂಚಿಕೆಯ ಚಿತ್ರವೇ ಪ್ರಾಬಬಿಲಿಟಿ ಡಿಸ್ಟ್ರಿಬ್ಯೂಷನ್, ಅಂದರೆ ಸಂಭವನೀಯತಾ ವಿತರಣೆ.

1922ರಲ್ಲಿ ಉತ್ತರ ಬಂಗಾಳದಲ್ಲಿ ದೊಡ್ಡ ನೆರೆ ಬಂತು. ನೀರು ತಡೆದು ನಿಲ್ಲಿಸಲು ದುಬಾರಿ ಜಲಾಶಯಗಳನ್ನು ಕಟ್ಟಬೇಕು ಎಂಬ ಸಲಹೆ ಎಂಜಿನಿಯರುಗಳಿಂದ ಬಂದಿತ್ತು. ಮಹಾಲನೋಬಿಸ್ ಸುಮಾರು ಐವತ್ತು ವರ್ಷಗಳ ಮಳೆ ಮತ್ತು ನೆರೆಯ ದಾಖಲೆ ಜೋಡಿಸಿ ಕುಳಿತರು. ಅಂಥ ಜಲಾಶಯಗಳಿಂದ ಪ್ರಯೋಜನವಿಲ್ಲ, ಬೇಕಾದದ್ದು ನೀರು ಬೇಗ ಹರಿದುಹೋಗುವ ದಾರಿ ಎಂದು ಲೆಕ್ಕ ಹೇಳಿತು.

1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿತು. ನದಿಯ ತಳವೇ ಹೂಳಿನಿಂದ ಮೇಲೆದ್ದಿದೆ, ಒಡ್ಡುಗಳನ್ನು ಎತ್ತರಿಸಬೇಕು ಎಂದು ತಜ್ಞರು ನಂಬಿದ್ದರು. ಅರವತ್ತು ವರ್ಷಗಳ ಅಂಕಿಗಳನ್ನು ಪರೀಕ್ಷಿಸಿದ ಮಹಾಲನೋಬಿಸ್, ತಳ ಏರಿಯೇ ಇಲ್ಲ, ಮೇಲಿನ ಜಲಾನಯನದಲ್ಲಿ ಸುರಿದ ವಿಪರೀತ ಮಳೆಯೇ ಕಾರಣ ಎಂದು ತೋರಿಸಿದರು. ಒಡ್ಡು ಏರಿಸುವ ಬದಲು ನದಿಗಳ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ ನೆರೆ ತಡೆಯಿರಿ, ವಿದ್ಯುತ್ತನ್ನೂ ತೆಗೆಯಿರಿ ಎಂಬುದು ಅವರ ಶಿಫಾರಸು. ಮೂರು ದಶಕಗಳ ನಂತರ ಮಹಾನದಿಗೆ ಹಿರಾಕುಡ್ ಅಣೆಕಟ್ಟು ಬಂತು. (ನಮ್ಮ ಕಡೆಯ ನೆರೆಗೆ ಕೊಯ್ನಾ ಕಾರಣವೋ, ಆಲಮಟ್ಟಿ ಕಾರಣವೋ ಎಂಬ ಜಗಳವನ್ನು ಈ ಲೇಖನಕ್ಕೆ ಎಳೆಯುವುದಿಲ್ಲ. ಅದಕ್ಕೆ ಬೇರೆಯೇ ಲೇಖನ ಬೇಕು.)

ಈಗ ಫಾರ್ವರ್ಡ್‌ಗೆ ಬರೋಣ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದರೆ ಯಾವುದೇ ಒಂದು ವರ್ಷದಲ್ಲಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಹೊಳೆ ಕ್ಯಾಲೆಂಡರ್ ಇಟ್ಟುಕೊಂಡಿಲ್ಲ. ಹೋದ ವರ್ಷ ಬಂದಿದ್ದೆ, ಇನ್ನು 99 ವರ್ಷ ಸುಮ್ಮನಿರುತ್ತೇನೆ ಎಂದು ಅದಕ್ಕೆ ನೆನಪಿರುವುದಿಲ್ಲ. ಪ್ರತಿ ಮಳೆಗಾಲಕ್ಕೂ ಚೀಟಿ ಹೊಸದಾಗಿ ಎತ್ತಿದಂತೆ. ನೂರು ಚೀಟಿಯಲ್ಲಿ ಒಂದು ಕೆಂಪು. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿಯೇ ಮುಂದಿನ ವರ್ಷ ಎತ್ತುವುದು.

ಹೀಗೆ ನೂರು ವರ್ಷ ಎತ್ತಿದರೆ ಕೆಂಪು ಚೀಟಿ ಎಷ್ಟು ಸಲ ಬಂದೀತು? ಒಮ್ಮೆಯೂ ಬಾರದಿರುವ ಸಾಧ್ಯತೆ ಸುಮಾರು ಶೇ. 37. ಸರಿಯಾಗಿ ಒಮ್ಮೆ ಬರುವ ಸಾಧ್ಯತೆಯೂ ಹೆಚ್ಚುಕಡಿಮೆ ಶೇ. 37. ಎರಡು ಸಲ ಶೇ. 18ರ ಆಸುಪಾಸು. ಮೂರು ಅಥವಾ ಹೆಚ್ಚು ಸಲ ಸುಮಾರು ಶೇ. 8. ಈ ಪಟ್ಟಿಗೆ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್, ಅಂದರೆ ದ್ವಿಪದ ವಿತರಣೆ ಎಂದು ಹೆಸರು. ಅವಕಾಶಗಳು ಬಹಳ, ಪ್ರತಿ ಅವಕಾಶದಲ್ಲೂ ಘಟನೆ ಅಪರೂಪ ಎಂದಾದಾಗ ಇದೇ ಉತ್ತರವನ್ನು ಇನ್ನೂ ಸುಲಭವಾಗಿ ಕೊಡುವುದು ಪ್ವಾಸಾನ್ ಡಿಸ್ಟ್ರಿಬ್ಯೂಷನ್. ಪರೀಕ್ಷೆಗೆ ಓದುವವರು ಎರಡನ್ನೂ ಈ ಹೊಳೆಯ ಉದಾಹರಣೆಯಲ್ಲೇ ನೆನಪಿಟ್ಟುಕೊಳ್ಳಬಹುದು.

ಇನ್ನೊಂದು ಲೆಕ್ಕ. ಹೊಳೆದಂಡೆಯಲ್ಲಿ ಮನೆ ಕಟ್ಟಿದ್ದೀರಿ, ಮೂವತ್ತು ವರ್ಷ ಇರುತ್ತೀರಿ ಎಂದುಕೊಳ್ಳಿ. ಅಷ್ಟರಲ್ಲಿ ಒಮ್ಮೆಯಾದರೂ ಅಂಥ ನೆರೆ ನೋಡುವ ಸಾಧ್ಯತೆ ಶೇ. 26. ಅಂದರೆ ಕಾಲುಭಾಗಕ್ಕಿಂತ ತುಸು ಹೆಚ್ಚು. ಗೃಹಸಾಲದ ಕಂತು ಮುಗಿಯುವುದರೊಳಗೆ ಬರಬಹುದಾದ ನೀರು ಎಂದರೆ ಹೆಚ್ಚು ಜನಕ್ಕೆ ಅರ್ಥವಾಗುತ್ತದೆ. ಮೇಲಾಗಿ ನೂರಕ್ಕೆ ಒಂದು ಎಂಬ ಅಂಕಿಯೇ ಹಳೆಯ ದಾಖಲೆಯಿಂದ ಬಂದದ್ದು. ಮಳೆಯ ರೀತಿ ಬದಲಾದರೆ, ಹೊಳೆಯ ಪಾತ್ರ ಒತ್ತುವರಿಯಾದರೆ ಡಬ್ಬಿಯಲ್ಲಿ ಕೆಂಪು ಚೀಟಿಗಳೇ ಹೆಚ್ಚಾಗುತ್ತವೆ.

ಹಾಲು, ಫ್ಯಾಟು ಮತ್ತು ಮಹಾಲನೋಬಿಸ್ ದೂರ

1920ರ ನಾಗಪುರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಅನ್ನಂಡೇಲ್ ಭೇಟಿಯಾದರು. ಕೋಲ್ಕತ್ತಾದ ಆಂಗ್ಲೋ ಇಂಡಿಯನ್ ಜನರ ದೇಹದ ಅಳತೆಗಳು ಅವರ ಬಳಿ ಇದ್ದವು. ಅವುಗಳ ಮೇಲೆ ಮಾಡಿದ ಕೆಲಸವೇ 1922ರಲ್ಲಿ ಮಹಾಲನೋಬಿಸ್ ಅವರ ಮೊದಲ ಸಂಖ್ಯಾಶಾಸ್ತ್ರ ಪ್ರಬಂಧವಾಯಿತು. ಅಲ್ಲಿಂದ ಬೆಳೆದದ್ದು ಮಹಾಲನೋಬಿಸ್ ದೂರ ಎಂಬ ಅಳತೆ. 1936ರ ಪ್ರಬಂಧದಲ್ಲಿ ಅದಕ್ಕೆ ಪೂರ್ಣ ರೂಪ ಬಂತು.

ಜನರ ಎತ್ತರ ತೆಗೆದುಕೊಂಡರೆ ಹೆಚ್ಚಿನವರು ಸರಾಸರಿಯ ಹತ್ತಿರ, ಎರಡು ತುದಿಗೆ ಹೋದಂತೆ ಕಡಿಮೆ ಜನ. ಗಂಟೆಯಾಕಾರದ ಈ ಹಂಚಿಕೆಯೇ ನಾರ್ಮಲ್ ಡಿಸ್ಟ್ರಿಬ್ಯೂಷನ್. ಆದರೆ ಎರಡು ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ? ಡೇರಿಗೆ ಹಾಲು ಹಾಕುವವರಿಗೆ ಇದು ಗೊತ್ತು. ದಿನಕ್ಕೆ 25 ಲೀಟರ್ ಕೊಡುವ ದನ ಇದೆ ಎಂದರೆ ನಂಬಬಹುದು. ಫ್ಯಾಟ್ 8 ಬಂದ ಹಾಲು ಇದೆ ಎಂದರೂ ನಂಬಬಹುದು. ಒಂದೇ ದನ 25 ಲೀಟರ್ ಕೊಡುತ್ತದೆ, ಅದರ ಫ್ಯಾಟೂ 8 ಎಂದರೆ ಮಾತ್ರ ಡೇರಿಯವರು ಮುಖ ನೋಡುತ್ತಾರೆ. ಬಿಡಿಬಿಡಿಯಾಗಿ ವಿಚಿತ್ರವಲ್ಲದ್ದು ಜೋಡಿಯಾಗಿ ವಿಚಿತ್ರ. ಆ ವಿಚಿತ್ರ ಎಷ್ಟು ಎಂದು ಅಳೆಯುವುದೇ ಮಹಾಲನೋಬಿಸ್ ದೂರ. ಗುಂಪಿಗೆ ಸೇರದ ಅಂಕಿಯನ್ನು ಪತ್ತೆ ಮಾಡುವ ಕೆಲಸಗಳಲ್ಲಿ ಇಂದಿನ ಕಂಪ್ಯೂಟರುಗಳೂ ಅದನ್ನು ಬಳಸುತ್ತವೆ.

ಈ ಕಥೆಯಲ್ಲಿ ಕನ್ನಡ ನೆಲದ ಒಂದು ಎಳೆಯೂ ಇದೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1941ರಲ್ಲಿ ಮಹಾಲನೋಬಿಸ್ ಅವರ ಸಂಸ್ಥೆ ಸೇರಿದರು. 1946ರಲ್ಲಿ ಕೇಂಬ್ರಿಜ್‌ಗೆ ಹೋಗಿ, ಸುಡಾನಿನಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳಿಗೆ ಇದೇ ದೂರದ ಲೆಕ್ಕ ಹಾಕಿದರು. ಮುಂದೆ ಅವರೇ ಜಗತ್ಪ್ರಸಿದ್ಧರಾದರು.

ನಮ್ಮ ಮನೆಗೆ ಯಾರೂ ಬಂದಿಲ್ಲ, ಸರ್ವೆ ಸುಳ್ಳು?

ಮಹಾಲನೋಬಿಸ್ ಕಾಲೇಜಿನ ತಮ್ಮ ಕೋಣೆಯಲ್ಲೇ ಒಂದು ಲ್ಯಾಬೊರೇಟರಿ ಶುರುಮಾಡಿದ್ದರು. 1931ರ ಡಿಸೆಂಬರ್ 17ರ ಸಭೆಯಲ್ಲಿ ಅದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಾಯಿತು. 1933ರಲ್ಲಿ ಸಾಂಖ್ಯಾ ಎಂಬ ಪತ್ರಿಕೆ ಹೊರಟಿತು. ನಂತರ ಬಂದದ್ದು ಅವರ ದೊಡ್ಡ ಸಾಹಸ, ಬಂಗಾಳದ ಸೆಣಬಿನ ಸರ್ವೆ.

ಸೆಣಬು ಎಷ್ಟು ಎಕರೆಯಲ್ಲಿದೆ ಎಂದು ತಿಳಿಯಲು ಒಂದು ದಾರಿ, ಒಂದೊಂದು ಹೊಲವನ್ನೂ ಎಣಿಸುವುದು. ಮಹಾಲನೋಬಿಸ್ 1937ರಲ್ಲಿ ಬೇರೆ ದಾರಿ ಹಿಡಿದರು. ನಕ್ಷೆಯ ಮೇಲೆ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಕೆಲವು ತುಣುಕುಗಳನ್ನು ಆರಿಸಿ ಅಲ್ಲಿಗೆ ಮಾತ್ರ ಜನ ಕಳಿಸಿದರು. ಮೊದಲು ಸಣ್ಣ ಪ್ರಮಾಣದಲ್ಲಿ ಮಾಡಿ ಖರ್ಚೆಷ್ಟು, ತಪ್ಪೆಷ್ಟು ಎಂದು ನೋಡಿಕೊಂಡರು, ವರ್ಷ ವರ್ಷ ಹಿಗ್ಗಿಸುತ್ತಾ 1941ರ ಹೊತ್ತಿಗೆ ಇಡೀ ಬಂಗಾಳಕ್ಕೆ ಒಯ್ದರು. ಗಿರಣಿಗೆ ಹೋದ, ಹೊರದೇಶಕ್ಕೆ ರಫ್ತಾದ ಸೆಣಬಿನ ಲೆಕ್ಕಕ್ಕೆ ಹೋಲಿಸಿದಾಗ ಸರ್ಕಾರದ ಪೂರ್ಣ ಎಣಿಕೆಗಿಂತ ಈ ಸ್ಯಾಂಪಲ್ ಲೆಕ್ಕವೇ ಹತ್ತಿರವಿತ್ತು. ಖರ್ಚೂ ತೀರಾ ಕಡಿಮೆ. ಲಕ್ಷಾಂತರ ಹೊಲ ಎಣಿಸಲು ಹೋದಾಗ ಎಣಿಸುವವರು ಸುಸ್ತಾಗುತ್ತಾರೆ, ಮರದ ನೆರಳಲ್ಲಿ ಕುಳಿತು ಫಾರಂ ತುಂಬುತ್ತಾರೆ. ಅದನ್ನು ಹಿಡಿಯಲೂ ಅವರು ಉಪಾಯ ಮಾಡಿದ್ದರು. ಒಂದೇ ಪ್ರದೇಶಕ್ಕೆ ಎರಡು ತಂಡ, ಎರಡು ಬೇರೆ ಬೇರೆ ಸ್ಯಾಂಪಲ್. ಇಬ್ಬರ ಉತ್ತರ ತೀರಾ ದೂರವಿದ್ದರೆ ಎಲ್ಲೋ ಏನೋ ನಡೆದಿದೆ ಎಂದು ಗೊತ್ತಾಗುತ್ತದೆ.

ಈ ವಿದ್ಯೆಯ ಬಗ್ಗೆಯೂ ಫಾರ್ವರ್ಡ್‌ಗಳಿವೆ. ನಮ್ಮ ಮನೆಗೆ ಯಾರೂ ಬಂದು ಕೇಳಿಲ್ಲ, ಆದ್ದರಿಂದ ಸರ್ವೆ ಸುಳ್ಳು ಎನ್ನುವುದು ಸಾಮಾನ್ಯ. ಅನ್ನ ಬೆಂದಿದೆಯೇ ಎಂದು ನೋಡಲು ಯಾರೂ ಇಡೀ ಪಾತ್ರೆ ಉಣ್ಣುವುದಿಲ್ಲ, ನಾಲ್ಕು ಅಗುಳು ಹಿಚುಕಿ ನೋಡುತ್ತಾರೆ. ಸರಿಯಾಗಿ ಯಾದೃಚ್ಛಿಕವಾಗಿ ಆರಿಸಿದ 1,000 ಜನರನ್ನು ಕೇಳಿದರೆ ಹೌದು–ಅಲ್ಲ ಪ್ರಶ್ನೆಯ ಉತ್ತರ 100ರಲ್ಲಿ 95 ಸಲ ಶೇ. 3ರಷ್ಟು ಆಚೀಚೆಯೊಳಗೆ ಬರುತ್ತದೆ. ಚಿಕ್ಕೋಡಿ ತಾಲ್ಲೂಕಿಗೂ ಇಡೀ ದೇಶಕ್ಕೂ ಈ ಲೆಕ್ಕ ಹೆಚ್ಚುಕಡಿಮೆ ಒಂದೇ. ನಂಬುವುದು ಕಷ್ಟ, ನಮಗೂ ಮೊದಲು ಕಷ್ಟವಾಗಿತ್ತು. ಆದರೆ ಪಾತ್ರೆ ದೊಡ್ಡದಾದ ಮಾತ್ರಕ್ಕೆ ಹೆಚ್ಚು ಅಗುಳು ಹಿಚುಕುವುದಿಲ್ಲವಲ್ಲ. ಷರತ್ತು ಒಂದೇ, ಪಾತ್ರೆಯನ್ನು ಚೆನ್ನಾಗಿ ಕಲಕಿರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರನ್ನಷ್ಟೇ ಕೇಳಿದ ಯೂಟ್ಯೂಬ್ ಸರ್ವೆ, ಇಷ್ಟವಿದ್ದವರು ಮಾತ್ರ ಒತ್ತುವ ಮೊಬೈಲ್ ಪೋಲ್ ಕಲಕದ ಪಾತ್ರೆ. ಅಲ್ಲಿ ಹತ್ತು ಲಕ್ಷ ಜನ ಒತ್ತಿದರೂ ಬೆಲೆಯಿಲ್ಲ.

ಅವರೂ ಎಡವಿದ ಒಂದು ಜಾಗ

ಎಕರೆಗೆ ಇಳುವರಿ ಎಷ್ಟು ಎಂದು ತಿಳಿಯಲು ಹೊಲದ ಒಂದು ತುಣುಕಿನ ಬೆಳೆಯನ್ನು ಕೊಯ್ದು ತೂಗುತ್ತಾರೆ. ಮಹಾಲನೋಬಿಸ್ ಕೆಲವೇ ಅಡಿ ಅಗಲದ ಸಣ್ಣ ವೃತ್ತ ಸಾಕು, ಅಂಥವನ್ನು ಹೆಚ್ಚು ಜಾಗಗಳಲ್ಲಿ ಕೊಯ್ಯೋಣ ಎಂದರು. ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಪಿ.ವಿ. ಸುಖಾತ್ಮೆ ಒಪ್ಪಲಿಲ್ಲ. ತುಣುಕು ಸಣ್ಣದಾದಷ್ಟೂ ಅದರ ಅಂಚಿನ ಪಾಲು ಹೆಚ್ಚು. ಅಂಚಿನಲ್ಲಿ ನಿಂತ ಪೈರು ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕೊಯ್ಯುವ ಕೈ ಒಳಗೇ ಎಳೆದುಕೊಳ್ಳುತ್ತದೆ. ಹಾಗಾಗಿ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ ಎಂಬುದು ಸುಖಾತ್ಮೆ ವಾದ. ವಾದ ವರ್ಷಗಟ್ಟಲೆ ಬಿಸಿಯಾಗಿಯೇ ನಡೆಯಿತು. ಸರ್ಕಾರದ ಬೆಳೆ ಅಂದಾಜು ಕೊನೆಗೆ ಸುಖಾತ್ಮೆಯವರ ದೊಡ್ಡ ತುಣುಕಿನ ಕಡೆ ವಾಲಿತು. ಈ ವಿಷಯದಲ್ಲಿ ಸುಖಾತ್ಮೆಯವರೇ ಸರಿ ಎಂದು ನಮಗೂ ಅನ್ನಿಸುತ್ತದೆ.

ಇದು ಹಳೆಯ ಪಂಡಿತರ ಜಗಳ ಎಂದು ಬಿಡುವಂತಿಲ್ಲ. ಇಂದು ಸೋಯಾ ಹಾಕಿದ ರೈತರಿಗೆ ಬೆಳೆವಿಮೆ ಬರುತ್ತದೋ ಇಲ್ಲವೋ ಎಂಬುದು ನಿಂತಿರುವುದು ಇಂಥದ್ದೇ ಬೆಳೆ ಕಟಾವು ಪ್ರಯೋಗದ ಮೇಲೆ. ಚೀಟಿಯಲ್ಲಿ ಬಂದ ಸರ್ವೆ ನಂಬರು ಬಿಟ್ಟು ರಸ್ತೆ ಪಕ್ಕದ, ನೀರು ಸಿಕ್ಕ ಚೆಂದದ ಹೊಲದಲ್ಲಿ ಕೊಯ್ದರೆ ಇಳುವರಿ ಹೆಚ್ಚು ಬಂದು, ಆ ಬೆಳೆಗೆ ಇಡೀ ಪಂಚಾಯಿತಿಯ ಪರಿಹಾರವೇ ತಪ್ಪಬಹುದು. ಹಾಗಾಗಿ ಕಟಾವಿನ ದಿನ ಯಾವ ನಂಬರು ಬಂದಿದೆ, ತುಣುಕನ್ನು ಎಲ್ಲಿ ಗುರುತು ಮಾಡಿದರು ಎಂದು ನಿಂತು ನೋಡುವುದರಲ್ಲಿ ತಪ್ಪೇನಿಲ್ಲ.

ಬರ, ಯೋಜನೆ, ಸ್ಯಾದ್ವಾದ

1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಬದುಕುಳಿದವರಲ್ಲಿ ಯಾರು ಹೊಲ ಮಾರಿದರು, ಯಾರು ಎತ್ತು ಕಳೆದುಕೊಂಡರು, ಯಾರು ಬೀದಿಗೆ ಬಿದ್ದರು ಎಂದು ಮಹಾಲನೋಬಿಸ್ ತಂಡ ಹಳ್ಳಿಗಳಲ್ಲಿ ಸ್ಯಾಂಪಲ್ ಸರ್ವೆ ಮಾಡಿತು. ಹಸಿವನ್ನು ಅಂಕಿಯಾಗಿ ಬರೆದಿಡದಿದ್ದರೆ ಆಮೇಲೆ ಅದು ನಡೆದೇ ಇಲ್ಲ ಎನ್ನುವವರು ಹುಟ್ಟಿಕೊಳ್ಳುತ್ತಾರೆ. 1945ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸಂಪುಟಕ್ಕೆ ಸಂಖ್ಯಾಶಾಸ್ತ್ರದ ಸಲಹೆಗಾರರಾದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಮೊದಲ ಸುತ್ತಿಗೆ ಆರಿಸಿದ್ದು ದೇಶದ ಲಕ್ಷಾಂತರ ಹಳ್ಳಿಗಳಲ್ಲಿ ಸುಮಾರು 1,800 ಮಾತ್ರ. ಎರಡನೇ ಪಂಚವಾರ್ಷಿಕ ಯೋಜನೆಯ ಭಾರೀ ಕೈಗಾರಿಕೆಯ ಒತ್ತು ಅವರ ಲೆಕ್ಕದ್ದೇ. ಅದರಿಂದ ದೇಶಕ್ಕೆ ಒಳ್ಳೆಯದಾಯಿತೋ ಇಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ನಿಪ್ಪಾಣಿ, ಚಿಕ್ಕೋಡಿ ಸೀಮೆಯ ಜೈನ ಕುಟುಂಬಗಳಿಗೆ ಹತ್ತಿರವಾಗುವ ವಿಷಯವೊಂದಿದೆ. ಆಚಾರ್ಯ ಶಾಂತಿಸಾಗರ ಮಹಾರಾಜರ ನಂಟಿನಿಂದ ಭೋಜದ ಹೆಸರು ಜೈನರಿಗೆಲ್ಲ ಗೊತ್ತು. 1954ರಲ್ಲಿ ಮಹಾಲನೋಬಿಸ್ ಸಂಖ್ಯಾಶಾಸ್ತ್ರದ ತಳಹದಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಜೈನರ ಸ್ಯಾದ್ವಾದವನ್ನು ಎತ್ತಿಕೊಂಡರು. ಒಂದು ಮಾತನ್ನು ಇದೆ, ಇಲ್ಲ ಎಂದು ಎರಡೇ ಬಗೆಯಲ್ಲಿ ನೋಡದೆ ಏಳು ಭಂಗಿಗಳಲ್ಲಿ ನೋಡುವ ತರ್ಕ ಅದು. ಅದರಲ್ಲೊಂದು ಅವಕ್ತವ್ಯ, ಅಂದರೆ ನಿಶ್ಚಯಿಸಿ ಹೇಳಲಾಗದ್ದು. ನಾಣ್ಯ ಚಿಮ್ಮಿದರೆ ಒಮ್ಮೆ ರಾಜ, ಒಮ್ಮೆ ರಾಣಿ. ಚಿಮ್ಮುವ ಮುಂಚೆ ಅದರ ಸ್ಥಿತಿ ಹೇಳಲು ಇದೆ–ಇಲ್ಲ ಎಂಬ ಎರಡು ಪದ ಸಾಲದು. ಸಂಭವನೀಯತೆಗೆ ಜಾಗ ಕೊಡುವ ತರ್ಕ ಇಲ್ಲಿದೆ ಎಂದು ಅವರು ಕಂಡರು. ಇದನ್ನೇ ಹಿಗ್ಗಿಸಿ, ಆಧುನಿಕ ಸ್ಟ್ಯಾಟಿಸ್ಟಿಕ್ಸ್ ಎಲ್ಲವನ್ನೂ ಜೈನ ಮುನಿಗಳು ಮೊದಲೇ ಕಂಡುಹಿಡಿದಿದ್ದರು ಎಂದು ಯಾರಾದರೂ ಕಳಿಸಿದರೆ ಮುಂದೆ ಕಳಿಸಬೇಡಿ. ಮಹಾಲನೋಬಿಸ್ ಹೇಳಿದ್ದು ಅದಲ್ಲ. ಲೆಕ್ಕದ ಸೂತ್ರ ಬೇರೆ, ಅನಿಶ್ಚಯವನ್ನು ಒಪ್ಪಿಕೊಳ್ಳುವ ಮನಸ್ಸು ಬೇರೆ.

1968ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು ತೀರಿಕೊಂಡರು. 79ನೇ ಹುಟ್ಟುಹಬ್ಬಕ್ಕೆ ಒಂದೇ ದಿನ ಬಾಕಿಯಿತ್ತು. 2007ರಿಂದ ಅವರ ಹುಟ್ಟಿದ ದಿನ ಜೂನ್ 29 ರಾಷ್ಟ್ರೀಯ ಸಾಂಖ್ಯಿಕ ದಿನ. ಹುಟ್ಟುಹಬ್ಬದ ಹಿಂದಿನ ದಿನವೇ ಸಾವು ಬಂದದ್ದು ವಿಧಿಯ ಸಂಕೇತ ಎಂದು ಆ ದಿನ ಯಾರಾದರೂ ಫಾರ್ವರ್ಡ್ ಮಾಡಿದರೆ, ಅವರದೇ ಲೆಕ್ಕ ಹಾಕಿ ನೋಡಿ. ಯಾರೇ ಒಬ್ಬರು ಹಾಗೆ ಸಾಯುವ ಸಾಧ್ಯತೆ 365ಕ್ಕೆ ಸುಮಾರು ಒಂದು. ಭಾರತದಲ್ಲಿ ವರ್ಷಕ್ಕೆ 80ರಿಂದ 90 ಲಕ್ಷ ಸಾವುಗಳಾಗುತ್ತವೆ. ಭಾಗಿಸಿದರೆ, ಪ್ರತಿ ವರ್ಷ 22 ಸಾವಿರದಿಂದ 25 ಸಾವಿರ ಜನ ತಮ್ಮ ಹುಟ್ಟುಹಬ್ಬದ ಹಿಂದಿನ ದಿನವೇ ತೀರಿಕೊಳ್ಳುತ್ತಾರೆ.